ಸುಮಿತ್ರಾ ಹೇಳಿದ ಮೇಲೆ ಮುಗಿಯಿತು

“ಹೀರೋ ಅಂತ ಹೀರೋ! ಮೂರು ತಾಸು ಸುಮ್ನ ನಿಂತಾನ್ರೀ... ಅಂಥಾ ಮೂಗನ್ನ ಯಾರು ಮದುವಿ ಆಗ್ತಾರ!”

ಹಿಟ್ಟಿನ ಗಿರಣಿಯ ಗದ್ದಲದಲ್ಲಿ ಸುಮಿತ್ರಾ ತಾನು ನೋಡಿದ ಸಿನಿಮಾದ ಬಗ್ಗೆ ಇದನ್ನು ಪಕ್ಕದ ಮನೆಯ ಚನ್ನವ್ವನ ಕಿವಿಯಲ್ಲಿ ಕೂಗಿ ಹೇಳಬೇಕಾಗಿತ್ತು. ಸರಿಯಾಗಿ ಅರ್ಧ ಮಾತಿಗೆ ಕರೆಂಟು ಹೋಯಿತು. ಗಿರಣಿ ನಿಂತಿತು. ಉಳಿದರ್ಧ ಇಡೀ ಸಿಂದಗಿಗೆ ಕೇಳುವಂತೆ ಮೊಳಗಿತು!

ಪಾಳಿ ಹಚ್ಚಿ ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಯಾಕೆಂದರೆ ಅವಳ ಎದುರಿಗೇ, ರೆಪ್ಪೆಯವರೆಗೂ ಜೋಳದ ಹಿಟ್ಟು ಮೆತ್ತಿಕೊಂಡು, ಬೆಳಗಿನಿಂದ ಒಂದು ಮಾತೂ ಆಡದೆ ನಿಂತಿದ್ದ ಗಿರಣಿಯ ಸಿದ್ರಾಮ.

ಅವನು ಅವಳನ್ನು ನೋಡಿದ. ಅವಳೂ ನೋಡಿದಳು.

“ಕರೆಂಟ್ ಹೋತ್ರಿ,” ಎಂದಷ್ಟೇ ಹೇಳಿ ಅವನು ಬೆನ್ನು ತಿರುಗಿಸಿದ.

ಅದು ಸಾವಿರದ ಒಂಬೈನೂರ ಎಪ್ಪತ್ತೈದು. ಸುಮಿತ್ರಾಳ ಅಪ್ಪ ಗುರಪ್ಪನದು ಕಿರಾಣಿ ಅಂಗಡಿ. ಪುಡಿಕೆ ಕಟ್ಟಲು ರದ್ದಿಯಲ್ಲಿ ಬರುತ್ತಿದ್ದ ಹಳೆಯ ವಾರಪತ್ರಿಕೆಗಳನ್ನು ಮಗಳು ಒಂದೂ ಬಿಡದೆ ಓದುತ್ತಿದ್ದಳು. ಟೆಂಟಿಗೆ ಬಂದ ಸಿನಿಮಾ ಒಂದೂ ಬಿಡುತ್ತಿರಲಿಲ್ಲ. ಹಾಗಾಗಿ ಜಗತ್ತಿನ ಯಾವುದೇ ವಿಷಯಕ್ಕೂ ಅವಳ ಹತ್ತಿರ ಒಂದು ಅಭಿಪ್ರಾಯ ತಯಾರಿರುತ್ತಿತ್ತು.

ಬೆಲ್‌ಬಾಟಂ? “ಓಣಿಗಿ ಕಸಬರಿಗಿ ಬ್ಯಾಡ, ಇವರ ಪ್ಯಾಂಟ ಸಾಕು!”

ಕುಕ್ಕರು? “ಸೀಟಿ ಹೊಡಿಯೋ ಗಡಗಿ ಅಡಗಿಮನ್ಯಾಗ ಯಾಕವ್ವಾ? ಪೊಲೀಸರನ್ನ ಕರೀಬೇಕೇನು?”

ಅವಳು ಚೊಲೊ ಅಂದ ಸೀರೆ ಓಣಿಯವರೆಲ್ಲ ಉಟ್ಟರು. ಅವಳು ಛೀ ಅಂದ ಸಿನಿಮಾಕ್ಕೆ ಯಾರೂ ಹೋಗಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಿದ್ದಳು. ಅದರಿಂದ ಯಾರಿಗಾದರೂ ನೋವಾದೀತು ಎಂದು ಆ ಹುಡುಗಿ ಕನಸಿನಲ್ಲೂ ಯೋಚಿಸಿರಲಿಲ್ಲ.

ಆ ದಿನದ ನಂತರ ಒಂದು ವಿಚಿತ್ರ ಶುರುವಾಯಿತು. ಸುಮಿತ್ರಾ ಜೋಳದ ಬುಟ್ಟಿ ಇಳಿಸಿ ಸಿನಿಮಾ ಕತೆಗೆ ಬಾಯಿ ತೆರೆದರೆ ಸಾಕು, ಗಿರಣಿ ನಿಲ್ಲುತ್ತಿತ್ತು!

“ಕರೆಂಟ್ ಹೋತ್ರಿ.”

ಸಿದ್ರಾಮ ಮೋಟರಿನ ಹಿಂದೆ ಹೋಗಿ ಬೆನ್ನು ಹಾಕಿ ಕೂರುತ್ತಿದ್ದ. ಕತೆ ಮುಗಿಯುವ ಹೊತ್ತಿಗೆ ಕರೆಂಟು ಬರುತ್ತಿತ್ತು. ಓದುತ್ತಿರುವ ನಿಮಗೆ ಗುಟ್ಟು ಆಗಲೇ ಗೊತ್ತಾಗಿರಬೇಕು. ಎಲ್ಲ ತಿಳಿದ ಸುಮಿತ್ರಾಳಿಗೆ ಮಾತ್ರ ಇದೊಂದು ತಿಳಿಯಲಿಲ್ಲ.

ಓಣಿಯ ಹುಡುಗಿಯರೆಲ್ಲ ಅವನನ್ನು ‘ಅಣ್ಣಾರ’ ಎನ್ನುತ್ತಿದ್ದರು. ಅವಳು ಒಮ್ಮೆಯೂ ಅನ್ನಲಿಲ್ಲ. ‘ಒಂದೇ ಒಂದು ಸಲ ತಿರುಗಿ ನಗಬಾರದೇ?’ ಎಂದು ಮನಸ್ಸು ಹಂಬಲಿಸುತ್ತಿತ್ತು.

ಒಂದು ದಿನ ಪ್ರೇಮಿಗಳು ಅಗಲುವ ಕತೆ ಹೇಳಿದಳು. ಹೇಳುತ್ತ ತಾನೂ ಅತ್ತಳು. ಚನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿದ್ರಾಮ ಮಾತ್ರ ಮುಖ ತೋರಿಸದೆ ಬೆಲ್ಟಿಗೆ ಏನೋ ಹಚ್ಚುತ್ತ ಕೂತಿದ್ದ.

‘ಇವನು ಮನುಷ್ಯನೋ, ಮೋಟರೋ?’ ಅವಳಿಗೆ ಅವಮಾನವಾಯಿತು. ಆ ಉರಿಯಲ್ಲೇ ಅಂದುಬಿಟ್ಟಳು...

“ಈ ಗಿರಣಿ ಕೆಟ್ಟೈತ್ರವ್ವಾ. ತಾಸಗಟ್ಲೆ ನಿಂದರತೈತಿ. ಬಸ್ ಸ್ಟ್ಯಾಂಡ್ ಹಂತ್ಯಾಕ ಹೊಸಾದು ಬಂದೈತಿ, ನಾ ಇನ್ನ ಅಲ್ಲಿಗೇ ಹೋಗ್ತೇನಿ!”

‘ಹೋಗಬ್ಯಾಡ್ರಿ’ ಎಂದಾನು ಎಂದು ಕಾದಳು. ಅವನು ತಲೆ ತಗ್ಗಿಸಿದ, ಅಷ್ಟೇ.

ಮರುವಾರದಿಂದ ಬುಟ್ಟಿಗಳೆಲ್ಲ ಅವಳ ಹಿಂದೆ ಹೊಸ ಗಿರಣಿಗೆ ನಡೆದವು. ಮೂರು ತಿಂಗಳಲ್ಲಿ ಸಿದ್ರಾಮನ ಗಿರಣಿಗೆ ಬೀಗ ಬಿತ್ತು.

ಒಂದು ಬೆಳಿಗ್ಗೆ ಲೈನ್‌ಮನ್ ಚಮನಸಾಬ ಹೊಸ ಗಿರಣಿಗೆ ಗೋಧಿ ಹೊತ್ತು ತಂದ. ಸುಮಿತ್ರಾ ಸುಮ್ಮನಿದ್ದಾಳೆಯೇ?

“ಏನ್ ಚಾಚಾ, ಇಲ್ಲಿ ಒಂದ ದಿವ್ಸಾನೂ ಕರೆಂಟ್ ಹೋಗೂದಿಲ್ಲ. ಆ ಗಿರಣಿ ಮ್ಯಾಲೇನು ನಿಮಗ ಸಿಟ್ಟು?”

“ಏ ಹುಚ್ಚಿ! ಎರಡಕ್ಕೂ ಒಂದ ಲೈನು. ಅಲ್ಲಿ ಹೋದ್ರ ಇಲ್ಲೂ ಹೋಗಬೇಕು. ತಿಂಗಳಾಗ ಒಂದೋ ಎರಡೋ ಸಲ ಹೋಗಿದ್ರ ಹೆಚ್ಚು.”

ಸುಮಿತ್ರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವಳು ಬಂದಾಗ ನಿಲ್ಲುತ್ತಿತ್ತು... ಕತೆ ಮುಗಿದಾಗ ಓಡುತ್ತಿತ್ತು... ಅಯ್ಯೋ ದೇವರೇ!

ಬುಟ್ಟಿ ಅಲ್ಲೇ ಬಿಟ್ಟು ಹಳೆಯ ಗಿರಣಿಗೆ ಓಡಿದಳು. ಸಿದ್ರಾಮ ಒಬ್ಬನೇ ಪಾನಾದಿಂದ ಮೋಟರಿನ ನಟ್ಟು ಬಿಚ್ಚುತ್ತಿದ್ದ. ಹಿಟ್ಟಿಲ್ಲದ ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಎಷ್ಟು ಸೋತಿತ್ತು ಆ ಮುಖ!

“ಕರೆಂಟ್ ಹೋಗಿರಲಿಲ್ಲ... ಹೌದಿಲ್ಲೋ?”

ಅವನು ಪಾನಾ ಕೆಳಗಿಟ್ಟ. “ಹೌದ್ರಿ. ನಾನ ನಿಂದ್ರಸ್ತಿದ್ದೆ. ಗದ್ಲದಾಗ ನಿಮ್ಮ ಮಾತು ಕೇಳಸ್ತಿರಲಿಲ್ಲ.”

“ಹಂಗಂತ ಆವತ್ತ ಎಲ್ಲಾರ ಮುಂದ ಹೇಳಬಾರದಿತ್ತೇನು!”

“ಏನಂತ ಹೇಳಲಿ? ಗುರಪ್ಪನ ಮಗಳ ಮಾತು ಕೇಳಾಕ ಗಿರಣಿ ನಿಂದ್ರಸೇನಿ ಅಂತನ? ನಿಮ್ಮ ಹೆಸರು ಓಣಿ ಬಾಯಿಗಿ ಬೀಳ್ತಿತ್ತು. ಅದಕ್ಕ ಗಿರಣಿ ಕೆಟ್ಟೈತಿ ಅಂದ್ರೂ ಬಾಯಿ ಮುಚ್ಚಿ ಕುಂತೆ.”

ಅವಳು ಅಳತೊಡಗಿದಳು. ಅವನು ಸಮಾಧಾನ ಮಾಡಲಿಲ್ಲ.

“ಅಳಬ್ಯಾಡ್ರಿ, ನನಗ ಇನ್ನೂ ಸಿಟ್ಟು ಬರತೈತಿ. ನಿಮಗ ಅದೊಂದು ಮಾತು. ನನಗದು ಅನ್ನ! ಹೊರ್ತಿ ಊರವರು ಮಶೀನ್ ಕೊಳ್ಳಾಕ ಬಂದಿದ್ರು. ಕೆಟ್ಟ ಮಶೀನ್ ಅಂತ ಯಾರೋ ಅಂದ್ರಂತ, ಹೊಳ್ಳಿ ಹೋದ್ರು. ಹೋಗ್ರಿ ಇನ್ನ, ಯಾರರೆ ನೋಡ್ಯಾರು.”

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಮುದ್ದೇಬಿಹಾಳದ ಒಂದು ಒಳ್ಳೆಯ ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು, ಮಾತು ಪಕ್ಕಾ ಆಗುವುದರಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಸೂತ್ರ. ಆದರೆ ಒಬ್ಬ ಮನುಷ್ಯ ತನ್ನ ಹೆಸರು ಉಳಿಸಲು ಅಪ್ಪ ಬಿಟ್ಟುಹೋದ ಗಿರಣಿಯನ್ನೇ ಕಳೆದುಕೊಂಡಿದ್ದಾನೆ. ತಾನು ಇನ್ಯಾರದೋ ಮನೆಯಲ್ಲಿ ಹೇಗೆ ನಗುತ್ತ ಇರಲಿ?

ಮರುದಿನ ಹೊಸ ಗಿರಣಿಯ ಪಾಳಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು.

“ಸಿದ್ರಾಮನ ಮಶೀನು ಕೆಟ್ಟಿಲ್ರೀ! ನನ್ನ ಕತಿ ಕೇಳಾಕ ಅವರ ನಿಂದ್ರಸ್ತಿದ್ರು. ಸುಳ್ಳ ಹೇಳಿದಾಕಿ ನಾನು!”

ಈ ಸಲ ಯಾರೂ ನಗಲಿಲ್ಲ. ಚನ್ನವ್ವ ಬಾಯಿಗೆ ಸೆರಗು ಹಿಡಿದಳು.

ಸಂಜೆಯ ಹೊತ್ತಿಗೆ ಸುದ್ದಿ ಊರೆಲ್ಲ ಹಬ್ಬಿತು. ನಾಲ್ಕೇ ದಿನಕ್ಕೆ ಮುದ್ದೇಬಿಹಾಳದವರು ಸಂಬಂಧ ಮುರಿದರು. ಗುರಪ್ಪ ಮಗಳೊಡನೆ ಮಾತು ಬಿಟ್ಟ, ಅಂಗಡಿಯ ರದ್ದಿಯನ್ನು ಅವಳ ಕೈಗೆ ಸಿಗದಂತೆ ಒಳಗಿಟ್ಟು ಬೀಗ ಹಾಕಿದ. ಹೊರ್ತಿಯವರು ತಿರುಗಿ ಬಂದು ಮಶೀನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದರು. ಸಿದ್ರಾಮ ಬಸ್ ಸ್ಟ್ಯಾಂಡಿನ ಹೊಸ ಗಿರಣಿಯಲ್ಲೇ ಆಳಾಗಿ ಸೇರಿದ. ಅವಳು ಸತ್ಯ ಹೇಳಿದ್ದರಿಂದ ಕಳೆದುಹೋದದ್ದೇನೂ ಮರಳಿ ಬರಲಿಲ್ಲ.

ಎರಡು ತಿಂಗಳು ಕಳೆದವು. ಒಂದು ಸಂಜೆ ಸಿದ್ರಾಮ ತನ್ನ ಅವ್ವನನ್ನು ಕರೆದುಕೊಂಡು ಗುರಪ್ಪನ ಮನೆಗೆ ಬಂದ. ಅವ್ವ ಒಳಗೆ ಹೋದಳು.

“ಒಯ್ಯೂದಿದ್ರ ಒಯ್ಯಿರಿ,” ಎಂಬ ಗುರಪ್ಪನ ಧ್ವನಿ ಹೊರಗೂ ಕೇಳಿಸಿತು. “ಇನ್ನ ಯಾರ ಬರ್ತಾರ ಈಕಿಗಿ?”

ಹೊರಗೆ ಕಟ್ಟೆಯ ಮೇಲೆ ಕೂತಿದ್ದವನಿಗೆ ಸುಮಿತ್ರಾ ಚರಿಗೆಯಲ್ಲಿ ನೀರು ತಂದುಕೊಟ್ಟಳು.

“ಕನಿಕರಕ್ಕ ಬಂದೀರೇನು?”

“ಅಲ್ಲ.”

“ಸಿಟ್ಟು... ಹೋತೇನ್ರಿ?”

“ಇಲ್ಲ. ಮುಂಜಾನೆ ಎದ್ದು ಮಂದಿ ಗಿರಣಿ ಬಾಗಲಾ ತಗೀಬೇಕಾದ್ರ ನಿಮ್ಮ ಮ್ಯಾಲ ಭಾಳ ಸಿಟ್ಟು ಬರತೈತಿ.”

“ಮತ್ತ್ಯಾಕ ಬಂದ್ರಿ?”

ಅವನು ಚರಿಗೆಯನ್ನು ಪಕ್ಕಕ್ಕಿಟ್ಟ.

“ಸಿಟ್ಟು ಹೋದ ಮ್ಯಾಲ ಬರೂಣು ಅಂತ ಕುಂತಿದ್ದೆ. ಅದು ಹೋಗವಲ್ದು... ನನಗ ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು.”

ಸುಮಿತ್ರಾಳ ಕಣ್ಣಿಂದ ಧಾರಾಕಾರವಾಗಿ ನೀರಿಳಿಯಿತು.

“ನೀವೇನಂತೀರಿ?” ಎಂದು ಅವನು ಮೆಲ್ಲಗೆ ಕೇಳಿದ.

“ಏನನ್ಲಿ... ಸಿಟ್ಟು ಮಾಡ್ಕೋರಿ. ಎಷ್ಟ ದಿವ್ಸ ಬೇಕೋ ಅಷ್ಟ ದಿವ್ಸ ಮಾಡ್ಕೋರಿ. ನನ್ನ ಬಾಜೂಕ ಕುಂತ ಮಾಡ್ಕೋರಿ, ಅಷ್ಟ ಸಾಕು.”

ಸಿದ್ರಾಮ ನೀರು ಕುಡಿದು ಚರಿಗೆಯನ್ನು ಅವಳ ಕೈಗೆ ಕೊಟ್ಟ. ಕೈ ಬಿಡಲಿಲ್ಲ.

“ಆತು,” ಎಂದ. “ಹಂಗ ಮಾಡೂಣು.”