ಟೈಲರಮ್ಮನ ಬೆಚ್ಚನೆಯ ಗೋಡೆ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ. ಕೇಳಿ.

ಬಾಗಿಲು ತೆರೆದವಳಿಗೆ ಅವನು ಕೇಳಿದ ಮೊದಲ ಮಾತೇ ಇದು: "ನಿಮ್ಮನೆಗೆ ಕರೆಂಟ್ ಎಲ್ಲಿಂದ ಬರ್ತಿದೆ?"

ಟೈಲರಮ್ಮನ ಮೈ ಉರಿದುಹೋಯಿತು. ಅವನು ಓಣಿಯ ಕರೆಂಟ್ ಉಳಿತಾಯ ಸಂಘದವನು. ಬಡವರ ಮನೆಮನೆಗೆ ಹೋಗಿ ಹಳೇ ಬಲ್ಬು ಬದಲಾಯಿಸಿ, ಮೀಟರ್ ಓದಿಕೊಂಡು ಹೋಗುವವನು. ಅವನು ಬರುವ ದಿನ ಇವಳು ಎರಡೆರಡು ಸಲ ತಲೆ ಬಾಚುತ್ತಿದ್ದಳು. ಈಗ ನೋಡಿದರೆ...

"ಮೀಟರಪ್ಪಾ, ನಾನು ಕದ್ದಿದೀನಿ ಅಂತಾನಾ?"

"ದಿನಾ ನಲವತ್ತು ಯೂನಿಫಾರ್ಮ್ ಇಸ್ತ್ರಿ ಮಾಡ್ತೀರಿ. ಮೀಟರ್ ಮಾತ್ರ ಅಲ್ಲಾಡಿಲ್ಲ! ಹೇಗೆ?"

"ನೀವೇ ತಾನೇ ಉಳಿಸಿ ಅಂದಿದ್ದು? ಗೋಡೆ ಮೇಲೆ ಮಾಡ್ತೀನಿ!"

ತೋರಿಸಿದಳು. ಬಟ್ಟೆ ಒತ್ತಿ ಹಿಡಿದರೆ ಸಾಕು, ಗೆರೆ ಕತ್ತಿಯಂತೆ ನಿಲ್ಲುತ್ತಿತ್ತು. ಅವಳ ಅಜ್ಜಿ ಅದಕ್ಕೇ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ತಲೆಯ ಮೇಲೆ ತೂಗಿದ್ದ ಕ್ಯಾಲೆಂಡರಿನ ಅಂಚು ಕಂದಾಗಿ ಮುರುಟಿತ್ತು.

ಅವನು ಅಂಗೈ ಇಟ್ಟ. ಮುಖ ಬಿಳಿಚಿತು. ಅವಳ ಮನೆಯ ಮೇನ್ ಸ್ವಿಚ್ ಇಳಿಸಿದ.

ಗೋಡೆಯೊಳಗೆ ಏನೋ ಸಣ್ಣಗೆ ಚಿಟಚಿಟ ಎನ್ನುತ್ತಲೇ ಇತ್ತು.

"ಅಜ್ಜೀ, ಏಳಿ."

"ಹೋಗಪ್ಪಾ! ನನ್ನ ಮಂಡಿಗೆ ಈ ಗೋಡೆಯಷ್ಟು ಉಪಕಾರ ಯಾವ ಡಾಕ್ಟರೂ ಮಾಡಿಲ್ಲ."

ಅವನು ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಹೊರಗಿಟ್ಟ.

"ಇದೂ ಸಂಘದ ಕೆಲಸಾನಾ?" ಎಂದಳು ಅಜ್ಜಿ.

ಅವನು ಕೆಳಗೋಡಿ ಇಡೀ ಕಟ್ಟಡದ ಕರೆಂಟ್ ತೆಗೆದು ಬಂದ. ಸುತ್ತಿಗೆಯಿಂದ ಗಾರೆ ಒಡೆದ.

ಮೇಲ್ಮನೆಗೆ ಹೋಗುವ ತಂತಿಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಮರದ ತೊಲೆ ಇದ್ದಿಲಾಗಿತ್ತು. ಅದರ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಇನ್ನೂ ಉಸಿರಾಡುತ್ತಿತ್ತು.

ಅವನು ಚೊಂಬಿನ ನೀರು ಸುರಿದ. ಚುಂಯ್...

ಅವಳು ಹೊರಗೆ ಕೂತಿದ್ದ ಅಜ್ಜಿಯತ್ತ ತಿರುಗಿ ನೋಡಿದಳು. 'ಇವತ್ತು ಇವನು ಬಾರದಿದ್ದರೆ... ಅಜ್ಜಿ...'

"ನನ್ನ ಕಳ್ಳಿ ಅಂದ್ಕೊಂಡ್ರಿ, ಅಲ್ವಾ?"

"ಇಲ್ಲ. ಹೆದರಿದ್ದೆ. ಎಲ್ಲರ ಯೂನಿಟ್ ಇಳಿದ್ರೆ ಖುಷಿ ಆಗುತ್ತೆ. ನಿಮ್ಮದು ಇಳಿದಾಗ ನಿದ್ದೇನೇ ಬರಲಿಲ್ಲ."

"ಯಾಕೆ?"

"ವಾರಕ್ಕೊಂದ್ಸಲ ನಿಮ್ಮನ್ನ ನೋಡ್ದೇ ಇದ್ರೆ... ನನಗಾಗಲ್ಲ."

ಅವಳು ಸೆರಗಿನಿಂದ ಅವನ ಮುಖದ ಮಸಿ ಒರೆಸಿದಳು.

"ವಾರಕ್ಕೆ ಒಂದೇ ಸಲ ಸಾಕಾ?"

ಅವನು ಆ ಕೈ ಹಿಡಿದುಕೊಂಡು, "ಹಾಗಾದ್ರೆ..." ಎನ್ನುವಷ್ಟರಲ್ಲಿ ಅಜ್ಜಿ ಹೊರಗಿನಿಂದ...

ಅರೆ, ಎಲ್ಲಿಗೆ ಎದ್ರಿ? ಮನೆ ಗೋಡೆ ಮುಟ್ಟಿ ನೋಡೋಕಾ? ಚಪ್ಪಲಿನಾದ್ರೂ ಹಾಕ್ಕೊಳ್ರೀ! ಅಜ್ಜಿ ಏನಂದಳು ಅಂದ್ರೆ, ಮದುವೆ ಆಗೋದಾದ್ರೆ ಮೊದಲು ಆ ಗೋಡೆ ಮತ್ತೆ ಬೆಚ್ಚಗೆ ಮಾಡಿಕೊಡು, ನನ್ನ ಮಂಡಿ ನೋಯ್ತಿದೆ, ಅಂತ!