ಕೆಂಪು ಪಟ್ಟಿ ಕಟ್ಟಿ ಹೋದ ಕಳ್ಳ

ಆಲ್ಡರ್ಬಿ ಠಾಣೆಗೆ ದೂರು ಬಂದದ್ದು ಮೇ ತಿಂಗಳ ಒಂದು ಗುರುವಾರ ಬೆಳಿಗ್ಗೆ. ದೂರುದಾರರು ರೂಪರ್ಟ್ ಸ್ಕೆಲ್ಟನ್. ಲಿಂಕನ್‌ಶೈರ್‌ನ ಆಲೂಗಡ್ಡೆ ವ್ಯಾಪಾರದಲ್ಲಿ ದುಡಿದದ್ದನ್ನೆಲ್ಲ ಹಳೆಯ ಯುದ್ಧವಿಮಾನಗಳಿಗೆ ಸುರಿಯುವ ಮನುಷ್ಯ. ಅವರ ಖಾಸಗಿ ಸಂಗ್ರಹಾಲಯದ ಹರಿಕೇನ್ ವಿಮಾನದಿಂದ, ಅದನ್ನು ಏರಿಸಲು ಇಳಿಸಲು ಚಾಲಕ ಹಿಡಿಯುವ ಹಿಡಿಕೆ ಕಾಣೆಯಾಗಿತ್ತು. ಎಂಬತ್ತು ವರ್ಷಗಳ ನಂತರ ಆ ವಿಮಾನ ಭಾನುವಾರ ಮೊದಲ ಸಲ ಹಾರಬೇಕಿತ್ತು. ಹಾರಿಸಬೇಕಾಗಿದ್ದವಳು ಅವರ ಮಗಳು ಟ್ಯಾಮ್ಸಿನ್.

ಇನ್ಸ್‌ಪೆಕ್ಟರ್ ಮೋರೀನ್ ಗಾರ್ಬಟ್ ದೂರು ದಾಖಲಿಸಿಕೊಂಡು ಕಾನ್‌ಸ್ಟೇಬಲ್ ಟಾಪಮ್‌ನನ್ನು ಕರೆದುಕೊಂಡು ಹೊರಟಳು. ಅವಳಿಗೆ ವಿಮಾನಗಳ ಹುಚ್ಚು ಇರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಮನೆಯ ಮೇಲೆ ಗುಂಯ್‌ಗುಡುವ ಆ ಹಳೆಯ ಎಂಜಿನ್‌ಗಳೆಂದರೆ ಅವಳಿಗೆ ತಲೆನೋವು.

"ಹಿಡಿಕೆ ಕದ್ದೋನು ವಿಮಾನ ಯಾಕೆ ಬಿಟ್ಟ ಮೇಡಂ?" ಟಾಪಮ್ ಕಾರು ಓಡಿಸುತ್ತ ಕೇಳಿದ.

"ಡಿಕ್ಕಿಲಿ ಹಿಡಿಸ್ಲಿಲ್ಲ ಅಂತ ಕಾಣುತ್ತೆ. ಮುಂದೆ ನೋಡ್ಕೊಂಡು ಓಡ್ಸು."

ಆದರೆ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲು ಸರಿದಾಗ ಅವಳು ತಲೆನೋವು ಮರೆತು ನೇರ ಒಳಗೆ ನಡೆದಳು. ರಷ್ಯಾದ ಯಾವುದೋ ಸರೋವರದ ತಳದಿಂದ ಎತ್ತಿ ತಂದ ಬರೀ ಅಸ್ಥಿಪಂಜರವಾಗಿತ್ತು ಅದು ಎಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ. ರೆಕ್ಕೆಗಳ ಹೊದಿಕೆ ತಗಡಿನದು. ಬೆನ್ನಿನಿಂದ ಬಾಲದವರೆಗೆ ಮಾತ್ರ ಬಟ್ಟೆ. ಮರದ ಪಕ್ಕೆಲುಬುಗಳ ಮೇಲೆ ಲಿನನ್ ಬಿಗಿದು, ಕೈಯಲ್ಲಿ ಹೊಲಿದು, ಪದರದ ಮೇಲೆ ಪದರ ಬಣ್ಣ ಬಳಿದಿದ್ದರು. ಗಾರ್ಬಟ್ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಬಿಗಿದ ತಮಟೆಯಂತೆ ನಾದ ಹೊಮ್ಮಿತು. ಹೊಲಿಗೆ ಒಂದೂ ಸೊಟ್ಟಗಿರಲಿಲ್ಲ.

"ಇದನ್ನ ಹೊಲಿದಿದ್ದು ಯಾರು?"

"ವಿಲ್ಫ್," ಎಂದರು ಮುಖ್ಯ ಎಂಜಿನಿಯರ್ ಆಡ್ರಿ ಪಿಂಚ್‌ಬೆಕ್. "ವಿಲ್ಫ್ ಸ್ಟಬ್ಲಿ. ವಾಯುಪಡೆಯಿಂದ ನಿವೃತ್ತಿ ಆದ್ಮೇಲೆ ಇಲ್ಲೇ. ಸಂಬಳ ಬೇಡ, ಟೀ ಕೊಟ್ರೆ ಸಾಕು ಅಂತಾರೆ. ನಮಗೆಲ್ಲ ಕೆಲಸ ಕಲಿಸಿದ್ದೇ ಅವ್ರು."

ಮಹಜರು ಶುರುವಾಯಿತು. ಬೀಗ ಒಡೆದಿರಲಿಲ್ಲ. ಕೀಲಿಕೈ ಇದ್ದದ್ದು ಮೂವರ ಬಳಿ: ಸ್ಕೆಲ್ಟನ್, ಆಡ್ರಿ, ವಿಲ್ಫ್. ಕಾಣೆಯಾದ ಹಿಡಿಕೆ ಬಳೆಯಾಕಾರದ್ದು. ಯುದ್ಧಕಾಲದ ಚಾಲಕನ ಹೆಬ್ಬೆರಳು ಸವೆಸಿದ, ಗುಂಡು ಹಾರಿಸುವ ಗುಂಡಿ ಇನ್ನೂ ಅದರಲ್ಲಿತ್ತು. ಅಂಥದ್ದಕ್ಕೆ ಬಾಯಿ ಬಿಡುವ ಸಂಗ್ರಾಹಕರು ದೇಶದ ತುಂಬ ಇದ್ದಾರೆ ಎಂದು ಸ್ಕೆಲ್ಟನ್ ಅವಲತ್ತುಕೊಂಡರು. ಬದಲಿ ತರಿಸಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಗಾರ್ಬಟ್ ಏಣಿ ಹತ್ತಿ ಚಾಲಕನ ಗೂಡಿನೊಳಗೆ ಇಣುಕಿದಳು. ಹಿಡಿಕೆ ಬಿಚ್ಚಿದ ಜಾಗದಲ್ಲಿ ಬ್ರೇಕಿನ ಗಾಳಿಯ ಕೊಳವೆಯ ಬಾಯಿಗೆ ಧೂಳು ಹೋಗದಂತೆ ಚೊಕ್ಕವಾಗಿ ಮುಚ್ಚಳ ಹಾಕಿತ್ತು. ಪಕ್ಕದಲ್ಲಿ ಒಂದು ಕೆಂಪು ಬಟ್ಟೆಯ ಪಟ್ಟಿ ನೇತಾಡುತ್ತಿತ್ತು. ಅದರ ಮೇಲೆ ಏನೂ ಬರೆದಿರಲಿಲ್ಲ.

"ಈ ಪಟ್ಟಿ ಕಟ್ಟಿದ್ದು ಯಾರು?"

"ನಿಮ್ಮೋರೇ ಅಲ್ವಾ? ಬೆಳಿಗ್ಗೆ ಮೊದ್ಲು ಬಂದ ಪೊಲೀಸಿನೋರು ಕಟ್ಟಿರಬೇಕು ಅಂದ್ಕೊಂಡೆ," ಎಂದರು ಆಡ್ರಿ.

"ಮೊದ್ಲು ಬಂದೋರು ನಾವೇ," ಎಂದ ಟಾಪಮ್. "ನಾವು ಕಟ್ಟೋದು ನೀಲಿ-ಬಿಳಿ ಟೇಪು. ಅದೂ ಬಾಗಿಲಿಗೆ."

ಆಡ್ರಿಯ ಮುಖದ ಬಣ್ಣ ಇಳಿಯಿತು. "ವಿಮಾನದಿಂದ ಏನೇ ಬಿಚ್ಚಿದ್ರೂ ಅಲ್ಲಿ ಕೆಂಪು ಪಟ್ಟಿ ಕಟ್ಬೇಕು. ಬಿಚ್ಚಿದೋರ ಹೆಸರು ಬರೀಬೇಕು. ಪಟ್ಟಿ ಇರೋ ತನಕ ಯಾರೂ ಹಾರಿಸೋ ಹಂಗಿಲ್ಲ. ನಮ್ಮ ಕೈ ತಾನೇ ಕಟ್ಟಿಬಿಡುತ್ತೆ ಮೇಡಂ, ಯೋಚನೆ ಮಾಡೋದೂ ಬೇಡ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಗಾರ್ಬಟ್ ಬಗೆಬಗೆಯ ಕಳ್ಳರನ್ನು ಕಂಡಿದ್ದಳು. ಕದ್ದ ಜಾಗಕ್ಕೆ ಮುಚ್ಚಳ ಹಾಕಿ, ಮುಂದೆ ಬರುವವರಿಗೆ ಎಚ್ಚರಿಕೆ ಕಟ್ಟಿ ಹೋದವನನ್ನು ಕಂಡದ್ದು ಇದೇ ಮೊದಲು. ಕಳ್ಳನ ಮೇಲೆ ಅವಳಿಗೆ ಆಗಲೇ ಗೌರವ ಹುಟ್ಟಿತ್ತು. ಅದು ಕೆಲಸಕ್ಕೆ ಒಳ್ಳೆಯದಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಶುಕ್ರವಾರ ಸಂಜೆಯ ಹೊತ್ತಿಗೆ ಟಾಪಮ್ ಹಳೆಯ ಬಿಡಿಭಾಗಗಳ ವ್ಯಾಪಾರಿಗಳನ್ನೆಲ್ಲ ವಿಚಾರಿಸಿ ಮುಗಿಸಿದ್ದ. ಹಿಡಿಕೆ ಎಲ್ಲೂ ಮಾರಾಟಕ್ಕೆ ಬಂದಿರಲಿಲ್ಲ. ಹಾಗಾದರೆ ಕಳ್ಳನಿಗೆ ಬೇಕಾದದ್ದು ಹಿಡಿಕೆ ಅಲ್ಲ, ವಿಮಾನ ಹಾರದಿರುವುದು. ಗಾರ್ಬಟ್ ಶನಿವಾರ ಬೆಳಿಗ್ಗೆ ಮತ್ತೆ ಹೋಗಿ ಟ್ಯಾಮ್ಸಿನ್‌ಳನ್ನು ಪಕ್ಕಕ್ಕೆ ಕರೆದಳು.

"ನೀವು ಹಾರಿಸೋದು ಯಾರಿಗಾದ್ರೂ ಇಷ್ಟ ಇರ್ಲಿಲ್ವಾ?"

"ಹಂಗೇನಿಲ್ಲ," ಎಂದಳು ಟ್ಯಾಮ್ಸಿನ್. "ವಿಲ್ಫ್ ಮಾತ್ರ ಮೂರು ವಾರದಿಂದ ಗೊಣಗ್ತಿದ್ರು. ಗಾಳಿ ಸರಿಯಿಲ್ಲ, ಮುಂದಕ್ಕೆ ಹಾಕು ಅಂತ. ಅವ್ರು ಯಾವಾಗ್ಲೂ ಗೊಣಗ್ತಾರೆ ಬಿಡಿ."

"ಮೂರು ವಾರದ ಹಿಂದೆ ಏನಾಗಿತ್ತು?"

"ಏನಿಲ್ಲ. ಬಾಲದ ಬಟ್ಟೆಗೆ ಕೊನೇ ಕೋಟು ಬಣ್ಣ ಹೊಡೆದ್ರು ಅಷ್ಟೇ."

ಹ್ಯಾಂಗರಿನ ಗೋಡೆಗೆ ಉಪಕರಣ ನೇತುಹಾಕುವ ಹಲಗೆಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಹೆಸರು. ಪ್ರತಿ ಉಪಕರಣದ ಹಿಂದೆ ಅದರದೇ ಆಕಾರದಲ್ಲಿ ಕಪ್ಪು ಬಣ್ಣದ ನೆರಳು ಬರೆದಿತ್ತು. ಒಂದು ಸ್ಪ್ಯಾನರ್ ಇಲ್ಲದಿದ್ದರೂ ಕಪ್ಪು ಎದ್ದು ಕಾಣುತ್ತದೆ. ವಿಮಾನದೊಳಗೆ ಬಿದ್ದಿದ್ದರೆ ಎಂಬ ಭಯಕ್ಕೆ, ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ. ಗಾರ್ಬಟ್ ವಿಲ್ಫ್ ಅವರ ಹಲಗೆಯ ಮುಂದೆ ನಿಂತಳು. ಹಿಡಿಗಳೆಲ್ಲ ಅವರ ಅಂಗೈಗೆ ಸವೆದು ನುಣುಪಾಗಿದ್ದವು. ಒಂದು ಚಿಕ್ಕ ಇಕ್ಕಳ ಮಾತ್ರ ಹೊಸದರಂತಿತ್ತು. ಅದರ ಸುತ್ತ ಕಪ್ಪು ನೆರಳು ಸ್ವಲ್ಪ ಹೊರಗೆ ಉಳಿದಿತ್ತು.

ವಿಲ್ಫ್ ಹಿಂದಿನ ಕೋಣೆಯಲ್ಲಿ ಟೀ ಕಾಯಿಸುತ್ತಿದ್ದರು. ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದ ಕೆಲಸದ ಅಂಗಿಯ ಮನುಷ್ಯ. ದ್ರಾಕ್ಷಿ ಬ್ರೆಡ್ ಕೊಯ್ದು, ಮೇಲೊಂದು ಚೀಸ್ ತುಂಡಿಟ್ಟು ಅವಳ ಮುಂದೆ ಸರಿಸಿದರು.

"ತಿನ್ನು ತಾಯಿ. ಪೊಲೀಸ್ನೋರಿಗೂ ಹಸಿವಾಗುತ್ತೆ."

"ವಿಲ್ಫ್ ಅವ್ರೇ, ಹಲಗೆ ಮೇಲಿರೋ ಇಕ್ಕಳ ಯಾರದು?"

"ನಂದು."

"ಹಳೇದು ಎಲ್ಲಿ?"

ವಿಲ್ಫ್ ಚಾಕುವನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಬಾಲದೊಳಗಿದೆಯಾ?"

"ಇದೆ," ಎಂದರು ವಿಲ್ಫ್. "ಹೊಲಿಗೆ ಮುಗ್ದು ಬಣ್ಣ ಒಣಗಿದ್ಮೇಲೆ ನೋಡ್ತೀನಿ, ಹಲಗೇಲಿ ಇಕ್ಕಳದ ಜಾಗ ಖಾಲಿ. ಇನ್ನೆಲ್ಲೋ ಬಿದ್ದಿರುತ್ತೆ ಅಂತ ನನಗೆ ನಾನೇ ಹೇಳ್ಕೊಂಡೆ. ಅಂಥದ್ದೇ ಒಂದು ತಂದು ನೇತುಹಾಕ್ದೆ. ಆಮೇಲೆ ನಿದ್ದೆ ಹತ್ತಲಿಲ್ಲ. ಆ ಮಗು ಟ್ಯಾಮ್ಸಿನ್ ಹಿಡಿಕೆ ಎಳೆದಾಗ ಇಕ್ಕಳ ಅಡ್ಡ ಸಿಕ್ರೆ ವಿಮಾನದ ಮೂತಿ ಮೇಲೇಳಲ್ಲ, ಮುಗೀತು."

"ಆಡ್ರಿಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

ವಿಲ್ಫ್ ಚಾಕುವನ್ನು ಕೆಳಗಿಟ್ಟರು.

"ಕೆವಿನ್ ಪ್ಲಾಂಟ್ ಅಂತ ಒಬ್ಬ ಇಲ್ಲಿ ಕೆಲಸಕ್ಕಿದ್ದ. ಒಳ್ಳೇ ಕೈ ಅವಂದು. ಒಂದಿನ ಸ್ಪ್ಯಾನರ್ ಕಳೆದು ಮುಚ್ಚಿಟ್ಟ. ಮಾರನೇ ದಿನ ತಾನೇ ಬಂದು ಒಪ್ಕೊಂಡ, ಅಳ್ತಿದ್ದ. ಮುಚ್ಚಿಟ್ಟೋರಿಗೆ ಈ ಗೇಟೊಳಗೆ ಜಾಗ ಇಲ್ಲ ಅಂದೆ. ಎಲ್ಲರೆದುರು ಅಂದೆ. ಆ ರೂಲು ಮಾಡಿದ್ದೇ ನಾನು ತಾಯಿ. ಅದೇ ಗೇಟು ನಾನು ದಾಟಬೇಕಲ್ಲ ಅಂತ ನಾಲಿಗೆ ಏಳ್ಲಿಲ್ಲ. ಈ ಹ್ಯಾಂಗರ್ ಬಿಟ್ರೆ ನಂಗೆ ಇನ್ನೇನಿದೆ?"

"ಹಿಡಿಕೆ?"

"ಉಗ್ರಾಣದಲ್ಲಿದೆ. ಈ ಗೇಟಿಂದಾಚೆ ನಾನು ಒಂದು ವಾಷರ್ ಕೂಡ ಒಯ್ದಿಲ್ಲ."

ಉಗ್ರಾಣದಲ್ಲಿ ತೇವ ಹೀರುವ ಯಂತ್ರ ಸಣ್ಣಗೆ ಓಡುತ್ತಿತ್ತು. ಕಪಾಟುಗಳಲ್ಲಿ ಸತ್ತ ವಿಮಾನಗಳ ಅಂಗಾಂಗಗಳೆಲ್ಲ ಮೇಣದ ಕಾಗದ ಸುತ್ತಿಕೊಂಡು ಸಾಲಾಗಿ ಮಲಗಿದ್ದವು. ಒಂದರ ಮೇಲೂ ಧೂಳಿರಲಿಲ್ಲ. ಕೊನೆಯ ಸಾಲಿನ ಮರದ ಪೆಟ್ಟಿಗೆಯಲ್ಲಿ ಹಿಡಿಕೆ ಇತ್ತು, ತೆಳ್ಳಗೆ ಎಣ್ಣೆ ಸವರಿ, ಎರಡು ಸುತ್ತು ಕಾಗದ ಸುತ್ತಿ.

"ಬಚ್ಚಿಟ್ಟೆ ಅಂತ ತುಕ್ಕು ಹಿಡಿಸೋಕಾಗುತ್ತಾ?" ಎಂದರು ವಿಲ್ಫ್.

ಗಾರ್ಬಟ್ ಎಲ್ಲರನ್ನೂ ವಿಮಾನದ ಬಳಿ ಸೇರಿಸಿ ನಡೆದದ್ದನ್ನು ಹೇಳಿದಳು. ಸ್ಕೆಲ್ಟನ್ ಕೆಂಪೇರಿ ಏನೋ ಹೇಳಹೊರಟವರು ಮಗಳ ಮುಖ ನೋಡಿ ನುಂಗಿಕೊಂಡರು. ಆಡ್ರಿ ಕೊಯ್ಯುವ ಬ್ಲೇಡನ್ನು ವಿಲ್ಫ್ ಅವರ ಕೈಗಿಟ್ಟರು. ವಿಲ್ಫ್ ಪಕ್ಕೆಲುಬುಗಳನ್ನು ಬೆರಳಲ್ಲಿ ತಡವಿ ಜಾಗ ಗುರುತಿಸಿ, ತಾವೇ ಹೊಲಿದ ಬಟ್ಟೆಯನ್ನು ಒಂದು ಗೇಣು ಕೊಯ್ದರು. ಟಾಪಮ್ ಟಾರ್ಚ್ ಹಿಡಿದ.

ಇಕ್ಕಳ ಅಲ್ಲಿತ್ತು, ಹಿಡಿಕೆ ಎಳೆದಾಗ ಬಾಲವನ್ನು ಆಡಿಸುವ ಸರಳಿನ ಪಕ್ಕದಲ್ಲೇ. ಆಡ್ರಿ ಆಚೆ ತುದಿಯಿಂದ ಸರಳನ್ನು ತಳ್ಳಿದರು. ಅದು ಅರ್ಧ ಸರಿದು ಟಣ್ ಎಂದು ನಿಂತಿತು. ಟ್ಯಾಮ್ಸಿನ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ವಿಲ್ಫ್ರೆಡ್ ಸ್ಟಬ್ಲಿ, ಕಳವಿನ ಶಂಕೆಯ ಮೇಲೆ ನಿಮ್ಮನ್ನ ದಸ್ತಗಿರಿ ಮಾಡ್ತಿದೀನಿ," ಎಂದಳು ಗಾರ್ಬಟ್. ಈ ಮಾತು ಇಷ್ಟು ಭಾರವಾಗಿ ಅವಳ ಬಾಯಿಂದ ಎಂದೂ ಬಂದಿರಲಿಲ್ಲ.

"ಒಂದ್ನಿಮಿಷ ತಾಯಿ."

ವಿಲ್ಫ್ ಜೇಬಿನಿಂದ ಕೆಂಪು ಪಟ್ಟಿಯೊಂದನ್ನು ತೆಗೆದು, ಕೊಯ್ದ ಜಾಗದ ಪಕ್ಕದಲ್ಲಿ ಕಟ್ಟಿದರು. ಆಮೇಲೆ ಪೆನ್ಸಿಲ್ ತೆಗೆದು ತಮ್ಮ ಪೂರ್ತಿ ಹೆಸರನ್ನು ಬರೆದರು.

ಬಾಗಿಲ ತನಕ ಬಂದ ಆಡ್ರಿ ಹೇಳಿದರು, "ಸೆಪ್ಟೆಂಬರ್‌ಗೆ ಹಾರಿಸ್ತೀವಿ. ಆ ಬಟ್ಟೆ ಹೊಲಿಯೋಕೆ ಬನ್ನಿ ವಿಲ್ಫ್. ಬೇರೆ ಯಾರ ಹೊಲಿಗೆಯೂ ಅದಕ್ಕೆ ಒಪ್ಪಲ್ಲ."

"ರೂಲು ರೂಲೇ ಆಡ್ರಿ," ಎಂದು ವಿಲ್ಫ್ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟರು.

ಹಿಡಿಕೆ ಸಂಗ್ರಹಾಲಯದ ಹೊರಗೇ ಹೋಗಿರದ ಕಾರಣ ಮೊಕದ್ದಮೆ ನಿಲ್ಲುವುದು ಅನುಮಾನ ಎಂದು ಗಾರ್ಬಟ್‌ಗೆ ಗೊತ್ತಿತ್ತು. ಆದರೆ ಆ ಮುದುಕನಿಗೆ ನ್ಯಾಯಾಲಯದ ಭಯ ಎಂದೂ ಇರಲಿಲ್ಲ. ಸತ್ಯ ಹೇಳಿ ಹ್ಯಾಂಗರನ್ನು ಕಳೆದುಕೊಳ್ಳಲು ಧೈರ್ಯ ಸಾಲಲಿಲ್ಲ, ಸುಮ್ಮನಿದ್ದು ಟ್ಯಾಮ್ಸಿನ್‌ಳನ್ನು ಕಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ನಡುವೆ ಸಿಕ್ಕ ದಾರಿ ಕಳ್ಳತನ.

ಗೇಟು ದಾಟಿದ ಮೇಲೆ ವಿಲ್ಫ್ ಹಿಂದಿನ ಸೀಟಿನಿಂದ ಕೇಳಿದರು.

"ಕೆವಿನ್ ಎಲ್ಲಿದಾನೆ ಅಂತ ನಿಮ್ಮೋರು ಹುಡುಕಿಕೊಡ್ತಾರಾ?"

"ದೂರು ಇಲ್ದೆ ಹುಡುಕಂಗಿಲ್ವಲ್ಲ," ಎಂದ ಟಾಪಮ್.

"ದೂರು ಇದೆ ಮಗಾ. ನನ್ನ ಮೇಲೆ. ಕೊಡ್ಬೇಕಾದೋನು ಅವನು."

ಗಾರ್ಬಟ್ ಆ ಹೆಸರನ್ನು ಬರೆದುಕೊಂಡಳು.