ಪರ್ತ್ ಸೇತುವೆಯ ಮೇಲೆ ಒಂದು ಭಾನುವಾರ

"ಅಯ್ಯೋ, ನನ್ನ ಕಾಲು!"

ಮದುವೆ ಮನೆಯ ಕುಣಿತದ ನಡುವೆ ಐಲ್ಸಾ ಕಿರುಚಿದಳು. ಅವಳ ಪಾದ ತುಳಿದ ಎತ್ತರದ ಯುವಕ ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದ.

"ಕ್ಷಮಿಸಿ... ಸ್ಕಾಟ್ಲೆಂಡಿನಿಂದ ಬಂದು ಎರಡು ತಿಂಗಳಾಯ್ತಷ್ಟೆ. ಇಲ್ಲಿನ ನೆಲ ಇನ್ನೂ ಒಗ್ಗಿಲ್ಲ."

"ನೆಲದ ಮೇಲೆಲ್ಲಿ ಕುಣಿದ್ರಿ? ನನ್ನ ಕಾಲ ಮೇಲೆ ಕುಣಿದ್ರಿ!"

ಅವನು ನಕ್ಕುಬಿಟ್ಟ. ಅವಳಿಗೂ ತಡೆಯಲಾಗಲಿಲ್ಲ.

ಅವನ ಹೆಸರು ಡಂಕನ್. ಇಲ್ಲೇ ಮೆಲ್ಬರ್ನಿನಲ್ಲಿ ಬಡಗಿ. ಐಲ್ಸಾ ದೊಡ್ಡಮ್ಮನ ಮಗಳು ನ್ಯಾನ್‌ಳ ಮದುವೆಗೆಂದು ಹಡಗಿನಲ್ಲಿ ಬಂದಿದ್ದಳು. ಅವಳಿಗೆ ತನ್ನೂರಿನ ಬೇಕರಿಯಲ್ಲಿ ಕೆಲಸ.

"ಯಾವೂರು ನಿಮ್ಮದು?"

"ಪರ್ತ್."

ಅವನ ಕಣ್ಣರಳಿತು. "ನಾನು ಹುಟ್ಟಿದ್ದೂ ಪರ್ತ್‌ನಲ್ಲೇ! ಸ್ಕಾಟ್ಲೆಂಡಿನ ಪರ್ತ್!"

"ಹಾಗಾದ್ರೆ ನಮ್ಮೂರಿನ ಹೆಸರನ್ನ ನಿಮ್ಮವರೇ ಹೊತ್ತು ತಂದಿರಬೇಕು," ಎಂದು ಅವಳು ಚುಡಾಯಿಸಿದಳು.

ಮೂರು ದಿನ ಮಾತೇ ಮಾತು. ಅವಳು ಹೊರಡುವ ದಿನ ಬಂದರಿನಲ್ಲಿ ಡಂಕನ್ ತಡವರಿಸುತ್ತಾ ಕೇಳಿದ. "ನಿಮ್ಮೂರಿಗೆ ಬಂದು... ನಿಮ್ಮ ತಂದೆಯವರನ್ನ ಕೇಳಲಾ?"

ಐಲ್ಸಾಳ ಎದೆ ಡವಡವ ಎಂದಿತು!

"ಮಾರ್ಚ್ ಮೊದಲ ಭಾನುವಾರ ಬನ್ನಿ. ಚರ್ಚ್ ಮುಗಿದ ಮೇಲೆ ಸೇತುವೆ ಹತ್ತಿರ ಇರ್ತೀನಿ."

ಆ ಭಾನುವಾರ ಅವಳು ನೀಲಿ ಉಡುಪು ತೊಟ್ಟು ಕಾದಳು. ಮಧ್ಯಾಹ್ನವಾಯಿತು... ಸಂಜೆಯಾಯಿತು... ಅವನು ಬರಲಿಲ್ಲ.

"ಏನ್ ಐಲ್ಸಾ, ಸೇತುವೆ ಕಳ್ಳತನ ಆಗುತ್ತೆ ಅಂತ ಕಾವಲಾ?" ಎಂದು ಬೇಕರಿಯ ಒಡತಿ ಶ್ರೀಮತಿ ಪೆಗ್ ಕೆಣಕಿದಳು.

ಐಲ್ಸಾ ನಗಲಿಲ್ಲ. ‘ಮೂರು ದಿನದ ಮಾತನ್ನು ನಂಬಿದ ನಾನೆಂಥ ಪೆದ್ದಿ!’

ಮೂರು ವಾರದ ನಂತರ ನ್ಯಾನ್ ಬೇಕರಿಗೆ ಕಳಿಸಿದ ಲಕೋಟೆಯೊಳಗೆ ಡಂಕನ್‌ನ ಪತ್ರವಿತ್ತು.

"ಇಷ್ಟವಿಲ್ಲದಿದ್ದರೆ ಮೊದಲೇ ಹೇಳಬಹುದಿತ್ತು. ಬೆಳಿಗ್ಗೆಯಿಂದ ಸೇತುವೆಯ ಹತ್ತಿರವೇ ಇದ್ದೆ. ಆ ತುದಿಯಿಂದ ಈ ತುದಿಗೆ ನಡೆದು ಕಾಲು ಸೋತಿತು. ಟ್ರಾಮಿನಿಂದ ಇಳಿದವರ ಮುಖಗಳನ್ನೆಲ್ಲ ನೋಡಿದೆ. ನೀವು ಬರಲೇ ಇಲ್ಲ."

ಐಲ್ಸಾ ಮತ್ತೆ ಓದಿದಳು.

ಟ್ರಾಮೇ? ನಮ್ಮೂರಿನಲ್ಲೇ? ಕಾಲು ಸೋಲುವಷ್ಟು ಉದ್ದದ ಸೇತುವೆ ಎಲ್ಲಿದೆ ಇಲ್ಲಿ? ಕುಡಿದು ಬರೆದನೇ? ಸುಳ್ಳು ಹೇಳುವವನಾದರೂ ಇಂಥ ವಿಚಿತ್ರ ಸುಳ್ಳು ಹೇಳುತ್ತಾನೆಯೇ? ಬಂದಿದ್ದರೆ ನನ್ನ ಕಣ್ಣಿಗೇಕೆ ಬೀಳಲಿಲ್ಲ...

ಕೊನೆಯ ಸಾಲುಗಳ ಮೇಲೆ ಅವಳ ಕಣ್ಣು ನಿಂತಿತು.

"ನಾಲ್ಕು ದಿನ ರೈಲಿನಲ್ಲಿ ಕೂತು ಬಂದದ್ದು ವ್ಯರ್ಥವಾಯಿತು. ರಜೆ ಮೀರಿದ್ದಕ್ಕೆ ಕೆಲಸವೂ ಹೋಯಿತು. ಈ ಶುಕ್ರವಾರ ಮಧ್ಯಾಹ್ನ ಸ್ಕಾಟ್ಲೆಂಡಿಗೆ ಹಡಗು ಹತ್ತುತ್ತೇನೆ."

ರೈಲೇ? ಸಮುದ್ರ ದಾಟಿ ನಮ್ಮ ಟ್ಯಾಸ್ಮೇನಿಯಾ ದ್ವೀಪಕ್ಕೆ ಯಾವ ರೈಲು ಬರುತ್ತದೆ!

ಮೊಣಕೈ ತಾಗಿ ಹಿಟ್ಟಿನ ಬಟ್ಟಲು ಉರುಳಿತು. ದೇಶದ ಪಶ್ಚಿಮದ ತುದಿಯಲ್ಲೂ ಒಂದು ಪರ್ತ್ ಇದೆ. ದೊಡ್ಡ ನಗರ. ಅವನು ಅಲ್ಲಿಗೆ ಹೋಗಿದ್ದ! ಟ್ಯಾಸ್ಮೇನಿಯಾ ಎಂದು ನಾನು ಒಮ್ಮೆಯಾದರೂ ಹೇಳಿದ್ದೆನೇ? ಇಲ್ಲವೇ ಇಲ್ಲ...

"ಹಿಟ್ಟು ಚೆಲ್ಲಿ ಎಲ್ಲಿಗೆ ಓಡ್ತಿದ್ದೀಯೇ?" ಎಂದು ಪೆಗ್ ಕೂಗಿದಳು.

"ಮೆಲ್ಬರ್ನಿಗೆ! ನಾಡಿದ್ದೇ ಶುಕ್ರವಾರ!"

ಶುಕ್ರವಾರ ಬೆಳಿಗ್ಗೆ ಡಂಕನ್ ತನ್ನ ಬಾಡಿಗೆ ಕೋಣೆಯಿಂದ ಪೆಟ್ಟಿಗೆ ಹೊತ್ತು ಹೊರಬರುತ್ತಿದ್ದ. ಪತ್ರದಲ್ಲಿದ್ದ ವಿಳಾಸ ಹುಡುಕಿಕೊಂಡು ಮೆಟ್ಟಿಲ ಬಳಿ ಬಂದು ನಿಂತಿದ್ದ ಐಲ್ಸಾಳನ್ನು ಕಂಡು ಅವನ ಮುಖ ಬಿಗಿಯಿತು.

"ಬೀಳ್ಕೊಡೋಕೆ ಬಂದ್ರಾ?"

"ನೀವು ಹೋಗಿದ್ದು ನಮ್ಮೂರಿಗೇ ಅಲ್ಲ, ಡಂಕನ್! ನಮ್ಮ ಪರ್ತ್ ಟ್ಯಾಸ್ಮೇನಿಯಾದಲ್ಲಿದೆ. ಪುಟ್ಟ ಊರು. ನಾನು ಹೇಳಲೇ ಇಲ್ಲ... ತಪ್ಪು ನಂದೇ. ಅವತ್ತು ನಾನೂ ನಮ್ಮ ಸೇತುವೆ ಮೇಲೆ ಸಂಜೆವರೆಗೂ ನಿಂತಿದ್ದೆ!"

ಅವನು ಕಕ್ಕಾಬಿಕ್ಕಿಯಾಗಿ ಪೆಟ್ಟಿಗೆ ಕೆಳಗಿಟ್ಟ. "ಇನ್ನೊಂದಾ? ಒಟ್ಟು ಎಷ್ಟು ಪರ್ತ್ ಇವೆ ಈ ಲೋಕದಲ್ಲಿ?"

"ನನಗೇನು ಗೊತ್ತು? ನಾನಿರೋದು ಒಂದರಲ್ಲೇ."

ಅವನು ಅವಳನ್ನೇ ನೋಡಿದ. "ನಿಜವಾಗ್ಲೂ ಕಾದ್ರಾ?"

"ಕಾದೆ. ಬರಲಿಲ್ಲ ಅಂತ ಅತ್ತೆ. ಸುಳ್ಳುಗಾರ ಅಂತ ಬೈಕೊಂಡೆ. ಆದ್ರೂ... ನಿಮ್ಮನ್ನ ಮರೆಯೋಕಾಗಲಿಲ್ಲ."

ಅವನು ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಮೆಲ್ಲನೆ, ಮೊದಲ ಸಲ ಏಕವಚನದಲ್ಲಿ ಕೇಳಿದ.

"ನಿನ್ನ ಹಡಗು ಎಷ್ಟು ಹೊತ್ತಿಗೆ, ಐಲ್ಸಾ?"

"ನಾಲ್ಕಕ್ಕೆ."

"ನನಗೆ ಸಮುದ್ರ ಕಂಡ್ರೇ ತಲೆ ಸುತ್ತುತ್ತೆ."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು.

"ಹಿಡ್ಕೋ. ಊರು ಬರೋವರೆಗೂ ಬಿಡಬೇಡ."

"ಊರು ಬಂದ್ಮೇಲೆ?"

"ಆಗಲೂ ಬಿಡಬೇಡ!"